ಐದನೆಯ ದಿನದ ಕೊಡಲಿ

ಈ ಕೆಂಪು ಕಾಗದ ಸುಲಭಕ್ಕೆ ಕಿತ್ತುಬರುವುದಿಲ್ಲ, ಕೊಡಲಿಯ ಬಾಯಿಗೆ ಗಂಜಿ ಬಳಿದು ಮೂರು ಸುತ್ತು ಅಂಟಿಸಿದವನು ನಾನೇ — ಹೊಸವರ್ಷದ ಮೊದಲ ಐದು ದಿನ ಹರಿತವಾದದ್ದನ್ನು ಮುಟ್ಟಿದರೆ ವರ್ಷದ ಅದೃಷ್ಟವೇ ಕತ್ತರಿಸಿಹೋಗುತ್ತದೆ, ಹಾಗಾಗಿ ಅನ್ನಾಮ್ ದೇಶ ಗೆಲ್ಲಲು ಬಂದ ಪೀಕಿಂಗಿನ ಚಕ್ರವರ್ತಿಯ ಸೈನ್ಯ ತನ್ನ ಕತ್ತಿಗಳಿಗೆಲ್ಲ ಮದುಮಗಳ ಹಾಗೆ ಕೆಂಪು ಹೊದಿಸಿ ಪೆಟ್ಟಿಗೆಗೆ ಹಾಕಿತು, ಬೀಗದಕೈ ದಳಪತಿ ಮಿಯಾವೋನ ಸೊಂಟದಲ್ಲಿ, ದಳಪತಿ ಹೆಂಡದಲ್ಲಿ. ನಾನು ಹೇಳಿದ್ದೆ, ಆಣೆಗೂ ಹೇಳಿದ್ದೆ, ಹಬ್ಬದ ಹಿಂದಿನ ದಿನ ಕಡುಬು ಮಾರುವ ಈ ಊರಿನ ಅಜ್ಜಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು, ಯಾಕಜ್ಜಿ, ನಾಳೆ ಹಬ್ಬ ಅಲ್ವಾ, ನಿಮಗೆ ನಾಳೆ ಕಣಪ್ಪಾ, ನಮ್ಮ ಹುಡುಗರು ಹತ್ತು ದಿನದ ಹಿಂದೇನೇ ಹಬ್ಬ ಮಾಡ್ಕೊಂಡು ಹೊರಟಾಯ್ತು, ಬೊಚ್ಚುಬಾಯಿ ತುಂಬ ನಗು, ಓಡಿಹೋಗಿ ದಳಪತಿಗೆ ಹೇಳಿದರೆ ಅವನೂ ನಕ್ಕ, ಹೊಸವರ್ಷ ಬರೋಕ್ ಮುಂಚೆ ಹೊಸವರ್ಷ ಮಾಡೋನು ಯಾವನಯ್ಯಾ, ಕಡುಬು ಸಿಗಲಿಲ್ಲ ಅಂತ ನಮಗೆಲ್ಲ ಯುದ್ಧ ಹಚ್ತೀಯಾ. ಇವತ್ತು ಐದನೆಯ ದಿನ, ಬೆಳಕು ಹರಿಯುವ ಮೊದಲೇ ಹೊಳೆಯ ಆ ದಂಡೆಯ ನಮ್ಮ ಪಾಳೆಯಕ್ಕೆ ಅವರ ಆನೆಗಳು ನುಗ್ಗಿದವು, ಅಲ್ಲಿ ನಮ್ಮಣ್ಣ ಶೌಬಿನ್ ಇದ್ದಾನೆ, ಕೈಯಲ್ಲಿ ಸೌಟು, ಹೆದರಿ ಓಡಲಿ ಅಂತ ನಮ್ಮವರೇ ಯಾರೋ ಆನೆಯ ಬಾಲಕ್ಕೆ ಪಟಾಕಿ ಸರ ಕಟ್ಟಿದರಂತೆ, ಆನೆ ಹಬ್ಬವೆಂದುಕೊಂಡು ಕುಣಿಯಿತಂತೆ, ನಮ್ಮವರ ಮೇಲೆಯೇ — ಪೆಟ್ಟಿಗೆ ಒಡೆಯೋಣವೆಂದರೆ ಒಡೆಯಲು ಕೊಡಲಿ ಬೇಕು, ಕೊಡಲಿ ಆಗಿನ್ನೂ ಪೆಟ್ಟಿಗೆಯೊಳಗೆ.

ದಳಪತಿ ಎಲ್ಲರಿಗಿಂತ ಮೊದಲು ಆ ದಂಡೆಯಿಂದ ಹಗ್ಗ ಬಿಗಿದ ದೋಣಿಸೇತುವೆ ದಾಟಿ ಬಂದ, ತಲೆಯ ಮೇಲೆ ಟೋಪಿಯಿಲ್ಲ, ಬೀಗ ತೆಗೆದ, ತೆಗೆದದ್ದು ಕತ್ತಿಗಾಗಿ ಅಲ್ಲ, ಈ ಕೊಡಲಿಗಾಗಿ. ಹಗ್ಗ ಕಡಿ. ಸೇತುವೆ ಮೇಲೆ ನಮ್ಮೋರೇ ಇದಾರೆ, ದಳಪತಿಗಳೇ. ಹಿಂದೆ ಆನೆ ಬರ್ತಿದೆ, ಕಡೀತೀಯೋ, ನಿನ್ನ ಕುತ್ತಿಗೆ ಕಡಿಸಲೋ. ಕಾಗದ ಕೀಳ್ತಿದೀನಿ ಸ್ವಾಮೀ, ಅಂಟು ಗಟ್ಟಿ, ಉಗುರಿನಲ್ಲಿ ಒಂದೊಂದೇ ಎಳೆ, ಅಷ್ಟರಲ್ಲಿ ಅವನು ದಾಟಲಿ — ಅಗೋ ಅಣ್ಣ, ನಡುಸೇತುವೆಯಲ್ಲಿ, ನಡೆಯುತ್ತಿದ್ದಾನೆ, ಯಾಕೆ ನಡೆಯುತ್ತಾನೆ, ಓಡೋ ಅಣ್ಣಾ, ಕೊಡಲಿ ಕಂಡ ಉಳಿದವರೆಲ್ಲ ನೂಕಾಡುತ್ತಿದ್ದಾರೆ, ನೀರಿಗೆ ಹಾರುತ್ತಿದ್ದಾರೆ, ಇವನೊಬ್ಬ ಸಂತೆಯಿಂದ ಬರುವವನ ಹಾಗೆ, ಕುತ್ತಿಗೆಗೆ ತಣ್ಣಗೆ ಏನೋ ತಾಗಿತು, ದಳಪತಿಯ ಕತ್ತಿ, ಅದಕ್ಕೆ ಮಾತ್ರ ಕಾಗದವಿಲ್ಲ, ಹಗ್ಗಕ್ಕೆ ಒಂದು ಏಟು, ಓಡೋ, ಅಣ್ಣ ನನ್ನ ಗುರುತು ಹಿಡಿದ, ಕೈ ಎತ್ತಿದ, ಕೊಡಲಿ ತಮ್ಮನ ಕೈಯಲ್ಲಿದೆಯಲ್ಲ, ಇನ್ನೇನು ಭಯ, ಎರಡು ಏಟು, ಹಗ್ಗ ಸಿಡಿಯಿತು, ದೋಣಿಗಳು ಒಂದೊಂದಾಗಿ ತಿರುಗಿದವು, ತಲೆ ಕಾಣಿಸುತ್ತಿಲ್ಲ, ಕೈ, ಬಂದೆ ಇರೋ ಎನ್ನುವ ಹಾಗೆ, ನೀರಿನ ಮೇಲೆ ಇನ್ನೂ ಎತ್ತಿಯೇ ಇರುವ ಆ ಕೈ, ಆ ಕೈ