ಎರಡು ರಿವೆಟ್

ಬಾಗಿಲಿನ ಮಾತು ಬಂದಾಗ ಆಲ್ಫ್ ಟ್ರಾಂಟರ್ ಆಲೂಗಡ್ಡೆ ಸುಲಿಯುತ್ತಿದ್ದ. ಚಾಕು ನಿಲ್ಲಲಿಲ್ಲ. ಸಿಪ್ಪೆ ಮಾತ್ರ ಇದ್ದಕ್ಕಿದ್ದಂತೆ ದಪ್ಪವಾಗಿ ಬರತೊಡಗಿತು. ಯುದ್ಧ ಶುರುವಾದ ಮೇಲೆ ಬಂದರಿನ ದಡದ ಬಾಲ್ಮೇನ್ ಕೇರಿಯ ಯಾವ ಮನೆಯಲ್ಲೂ ಯಾರೂ ಅಷ್ಟು ದಪ್ಪ ಸಿಪ್ಪೆ ತೆಗೆದಿರಲಿಲ್ಲ.

ಮಾತನಾಡುತ್ತಿದ್ದವನು ಸಿರಿಲ್ ಪಾಸ್ಕೋ, ಮುಳುಗಿದ ಹಡಗಿನಿಂದ ಬದುಕಿ ಬಂದ ಒಂಬತ್ತು ಜನರಲ್ಲಿ ಒಬ್ಬ. ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದರಿಂದ ಚಹಾದ ಬಟ್ಟಲನ್ನು ಮಣಿಕಟ್ಟುಗಳ ನಡುವೆ ಹಿಡಿದುಕೊಂಡಿದ್ದ. ಎದುರಿಗೆ ಕೂತಿದ್ದವಳು ಆಲ್ಫನ ಮಗಳು ಈನಿಡ್. ಅವಳ ಗಂಡ ಲೆಸ್ ಬದುಕಿ ಬಂದಿರಲಿಲ್ಲ. ತಂತಿ ಬಂದು ಹತ್ತೊಂಬತ್ತು ದಿನವಾಗಿತ್ತು. ಅವಳು ಇನ್ನೂ ಅತ್ತಿರಲಿಲ್ಲ. ಬಟ್ಟೆ ಒಗೆದಳು, ಒಲೆ ಉಜ್ಜಿದಳು, ಮಾಂಸದಂಗಡಿಯ ಸಾಲಿನಲ್ಲಿ ನಿಂತಳು. ಎಲ್ಲವನ್ನೂ ಬೇರೆ ಯಾರದೋ ಮನೆಯ ಕೆಲಸವೆಂಬಂತೆ ಮಾಡಿದಳು.

"ಟಾರ್ಪೆಡೊ ಬಿದ್ದಿದ್ದು ಹಿಂದಿನ ಇದ್ದಲ ಉಗ್ರಾಣಕ್ಕೆ," ಸಿರಿಲ್ ಹೇಳಿದ. "ಅಷ್ಟಕ್ಕೇ ಮುಳುಗ್ತಿರಲಿಲ್ಲ ಈನಿಡ್. ಉಗ್ರಾಣಕ್ಕೂ ಬಾಯ್ಲರ್ ಕೋಣೆಗೂ ಮಧ್ಯ ಒಂದು ಕಬ್ಬಿಣದ ಬಾಗಿಲಿದೆ. ಮೇಲಿಂದ ಕೆಳಗೆ ಇಳಿಯುತ್ತೆ. ಅದನ್ನ ಇಳಿಸಿಬಿಟ್ಟಿದ್ರೆ ನೀರು ಅಲ್ಲೇ ನಿಲ್ತಿತ್ತು. ದೋಣಿ ಇಳಿಸೋಕೆ ಅರ್ಧ ಗಂಟೆ ಸಿಗ್ತಿತ್ತು. ನಮಗೆ ಸಿಕ್ಕಿದ್ದು ಐದು ನಿಮಿಷ."

"ಯಾಕೆ ಇಳಿಸಲಿಲ್ಲ?"

ಸಿರಿಲ್ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ. "ಆ ಪಾಳಿಯಲ್ಲಿ ಬಾಗಿಲು ಲೆಸ್‌ದು."

ಈನಿಡ್ ಮೇಜಿನ ಮೇಲೆ ಚೆಲ್ಲಿದ್ದ ಚಹಾವನ್ನು ಒರೆಸಿದಳು.

"ಅವನು ಓಡಿಹೋಗಲಿಲ್ಲ, ಅದು ನಂಗೊತ್ತು," ಸಿರಿಲ್ ಅವಸರವಾಗಿ ಹೇಳಿದ. "ನಾನು ಗಾಳಿಕೊಳವೆ ಪಕ್ಕದಲ್ಲೇ ಇದ್ದೆ. ಕೆಳಗಿಂದ ಸುತ್ತಿಗೆ ಸದ್ದು ಕೇಳಿಸ್ತಿತ್ತು. ಆ ಬಾಗಿಲಿನ ಮೇಲೇ ಹೊಡೀತಿದ್ದ. ಒಂದು, ಎರಡು, ಮತ್ತೆ ಒಂದು, ಎರಡು. ಆಮೇಲೆ ನಿಂತುಹೋಯ್ತು. ವಿಚಾರಣೆಯಲ್ಲಿ ಇದನ್ನೇ ಹೇಳಿದೆ. ಆ ಅಧಿಕಾರಿ ಏನಂದ ಗೊತ್ತಾ? 'ಬಾಗಿಲು ಸಿಕ್ಕಿಹಾಕ್ಕೊಂಡಿತ್ತು ಅಂದ್ರೆ ವಾರವಾರ ಪರೀಕ್ಷೆ ಮಾಡಿಲ್ಲ ಅಂತ ಅರ್ಥ. ಪುಸ್ತಕದಲ್ಲಿ ಪರೀಕ್ಷಿಸಿದೆ ಅಂತ ಸಹಿ ಯಾರದು?' ಅಂದ."

"ಲೆಸ್‌ದು."

"ಎಲ್ಲರೂ ಹಾಗೇ ಹಾಕ್ತೀವಿ. ನಾನೂ ಹಾಕಿದೀನಿ. ಆದ್ರೆ ಆ ವಾರದ್ದು ಲೆಸ್‌ದು."

ಅವನನ್ನು ಬೀದಿಯವರೆಗೆ ಕಳಿಸಿ ಈನಿಡ್ ಒಳಗೆ ಬಂದಳು. ಹಜಾರದ ಬಾಗಿಲು ತೆರೆದೇ ಇತ್ತು, ಅಡುಗೆಮನೆಯದೂ ತೆರೆದೇ ಇತ್ತು. ಆ ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚುವ ರೂಢಿ ಇರಲಿಲ್ಲ. ಚಳಿಗಾಲವಿರಲಿ, ಸಮುದ್ರದ ಗಾಳಿ ಬೀಸಲಿ, ಪ್ರತಿ ಬಾಗಿಲಿಗೂ ಆಲ್ಫ್ ಒಂದೊಂದು ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಲೆಸ್, "ಮಾವ, ಕಕ್ಕಸಿನ ಬಾಗಿಲಿಗಾದ್ರೂ ವಿನಾಯಿತಿ ಕೊಡಿ" ಎಂದು ಅಂಗಲಾಚಿ ಅದೊಂದನ್ನು ಗೆದ್ದುಕೊಂಡಿದ್ದ. ಮುದುಕನಿಗೆ ಉಸಿರು ಕಟ್ಟುತ್ತದೆಯೇನೋ ಎಂದು ಬೀದಿಯವರು ಅಂದುಕೊಂಡಿದ್ದರು. ಆಲ್ಫ್ ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಆ ಹಡಗನ್ನು ಕಟ್ಟಿದವರಲ್ಲಿ ಆಲ್ಫ್ ಒಬ್ಬ. ಬಂದರಿನ ನಡುವಿನ ದ್ವೀಪದಲ್ಲಿರುವ ಹಡಗುಕಟ್ಟೆಯಲ್ಲಿ ಅವನು ರಿವೆಟ್ ಹೊಡೆಯುವವನಾಗಿದ್ದ, ಕಾಯಿಸಿದ ದಪ್ಪ ಮೊಳೆಗಳಿಂದ ಕಬ್ಬಿಣದ ತಗಡುಗಳನ್ನು ಜೋಡಿಸುವ ಕೆಲಸ. ಮೊದಲ ಮಹಾಯುದ್ಧ ಮುಗಿದ ಮರುವರ್ಷ ಹಡಗು ನೀರಿಗಿಳಿಯಿತು; ಕಟ್ಟಿದವರ ಬಾಯಲ್ಲಿ ಹಡಗೆಂದರೆ 'ಅವಳು'. ಬುಲ್ಗಾ ಎಂದು ಹೆಸರಿಟ್ಟರು. ನೌಕಾಪಡೆಯ ಹಡಗೇ, ಆದರೆ ಬೂದುಬಣ್ಣದ ಯುದ್ಧನೌಕೆಗಳಿಗೆ ನ್ಯೂಕಾಸಲ್‌ನಿಂದ ಕಲ್ಲಿದ್ದಲು ಹೊರುವುದೇ ಅವಳ ಕೆಲಸ. ಬಿಳಿ ಉಡುಪಿನ ನಾವಿಕರು ಬುಲ್ಗಾ ಪಕ್ಕಕ್ಕೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವಳು ಬಾರದಿದ್ದರೆ ಒಂದು ಅಡಿ ಮುಂದೆ ಹೋಗಲಾರರು. ಕಟ್ಟುವ ಕೆಲಸ ನಿಂತಾಗ ಆಲ್ಫ್ ಅದೇ ಹಡಗಿಗೆ ಸೇರಿಕೊಂಡ. ಉಗ್ರಾಣದಿಂದ ಬಾಯ್ಲರ್ ಕೋಣೆಗೆ ತಳ್ಳುಗಾಡಿಯಲ್ಲಿ ಇದ್ದಲು ಸಾಗಿಸುವ ಕೆಲಸ. ದಿನಕ್ಕೆ ಇನ್ನೂರು ಸಲ ಆ ಬಾಗಿಲ ಕೆಳಗೆ ಹಾಯಬೇಕು.

ಇಪ್ಪತ್ತನಾಲ್ಕನೇ ಇಸವಿಯಲ್ಲಿ, ಅಲೆ ಜೋರಿದ್ದ ಒಂದು ಬೆಳಿಗ್ಗೆ, ಬಾಗಿಲು ಎತ್ತಿ ಹಿಡಿದಿದ್ದ ಕೊಂಡಿ ಜಾರಿತು. ಕೆಳಗೆ ಡಿನ್ನಿ ರೋಚ್ ಇದ್ದ. ಗಾಡಿ ದಾಟಿತು, ಡಿನ್ನಿಯೂ ದಾಟಿದ, ಬಲಪಾದ ಮಾತ್ರ ಹಿಂದೆ ಉಳಿಯಿತು. ಕೊಂಡಿ ಬದಲಿಸಿ ಎಂದು ಮೇಲಿನವರಿಗೆ ಮೂರು ಸಲ ಹೇಳಿದರು. ಇದ್ದಲು ಹೊರುವವರ ಮಾತು ಯಾರ ಕಿವಿಗೆ ಹೋಗಬೇಕು? ಮುಂದಿನ ಸಲ ಬಂದರಿನಲ್ಲಿ ನಿಂತಾಗ ಆಲ್ಫ್ ಎರಡು ರಿವೆಟ್ಟುಗಳನ್ನು ಬಾಯ್ಲರಿನ ಬೆಂಕಿಯಲ್ಲೇ ಕಾಯಿಸಿ, ಬಾಗಿಲು ಜಾರಿ ಇಳಿಯುವ ಎರಡೂ ಕಡೆಯ ಜಾಡಿನೊಳಗೆ ಹೊಡೆದ. ಗೋಲಿಯಷ್ಟು ತಲೆ ಹೊರಗೆ ಬಿಟ್ಟ. ಬಾಗಿಲು ಬಿದ್ದರೂ ಅದರ ಮೇಲೆ ಬಂದು ಕೂರುತ್ತದೆ. ಲಕ್ಷ ರಿವೆಟ್ಟಿರುವ ಹಡಗಿನಲ್ಲಿ ಇನ್ನೆರಡು. ಯಾರಾದರೂ ಇಳಿಸಲು ನೋಡಿದರೆ ಒಂದು ಗೇಣು ಇಳಿದು ನಿಲ್ಲುತ್ತದೆ. ಇದ್ದಲ ಪುಡಿ ಸಿಕ್ಕಿಕೊಂಡಿದೆ ಎಂದುಕೊಳ್ಳುತ್ತಾರೆ. ಮೇಲ್ವಿಚಾರಕ ಕಂಡೂ ಕಾಣದಂತೆ ಹೋದ. ಪುಸ್ತಕದಲ್ಲಿ ವಾರವಾರವೂ 'ಬಾಗಿಲು ಪರೀಕ್ಷಿಸಿದೆ' ಎಂದು ಬರೆದ. ಅಂದಿನಿಂದ ಆ ಬಾಗಿಲಿಗೆ ಸಿಕ್ಕಿ ಯಾರ ಕಾಲೂ ತುಂಡಾಗಲಿಲ್ಲ.

ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗಿದ ಮೇಲೆ ಬುಲ್ಗಾ ಬೇಡವಾದಳು. ಮಾರಿದರು. ಹಾಂಗ್‌ಕಾಂಗಿನಲ್ಲಿ ಒಂದು ಹೆಸರು, ಪನಾಮಾದ ಬಾವುಟದ ಕೆಳಗೆ ಇನ್ನೊಂದು ಹೆಸರು. ಜಪಾನ್ ಯುದ್ಧಕ್ಕೆ ಬಂದಾಗ ತೇಲುವುದೆಲ್ಲ ಬೇಕಾಯಿತು. ನೌಕಾಪಡೆ ಅವಳನ್ನು ಮತ್ತೆ ತೆಗೆದುಕೊಂಡು ಮತ್ತೆ ಇದ್ದಲು ಹೊರಿಸಿತು.

ಸಂಜೆ ಆಲ್ಫ್ ಡಿನ್ನಿಯ ಮನೆಗೆ ಹೋದ. ಡಿನ್ನಿ ಮರದ ಪಾದವನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟು, ಇನ್ನೊಂದು ಕುರ್ಚಿಯಲ್ಲಿ ತಾನು ಕೂತಿದ್ದ. ಆಲ್ಫ್ ಎಲ್ಲವನ್ನೂ ಹೇಳಿದ.

"ಬಾಯಿ ಮುಚ್ಕೊಂಡಿರು ಮಾರಾಯ," ಡಿನ್ನಿ ಹೇಳಿದ. "ಹಡಗು ತಳ ಸೇರಿದೆ. ನಿನ್ನ ರಿವೆಟ್ ನೋಡೋಕೆ ಯಾರು, ಮೀನು ಹೋಗ್ತಾವಾ? ನೀನು ಹೊಡೆಯೋವಾಗ ರಿವೆಟ್ಟನ್ನ ಹಿಂದಿಂದ ಒತ್ತಿ ಹಿಡಿದೋನು ಸತ್ತು ಹತ್ತು ವರ್ಷ ಆಯ್ತು. ಉಳಿದಿರೋದು ನಾನು. ನಾನು ಹೇಳಲ್ಲ."

"ಲೆಸ್ ಹೆಸರು ಕೆಡ್ತಿದೆ ಕಣೋ."

"ಸತ್ತೋನು ಹೆಸರು ಕಟ್ಕೊಂಡು ಏನ್ಮಾಡ್ತಾನೆ? ನೀನು ಈಗ ಹೋಗಿ ಹೇಳೋದು ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ದಂಗೆ. ನಿಂಗಿರೋದು ಒಬ್ಬಳೇ ಮಗಳು. ಅವಳನ್ನೂ ಕಳ್ಕೋತೀಯ." ಡಿನ್ನಿ ಮರದ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. "ನನ್ನ ಕಾಲಿಗೋಸ್ಕರ ಮಾಡ್ದೆ. ಅದನ್ನ ಯಾರ ಮುಂದೆ ಅಂತ ಹೇಳ್ತೀಯ?"

ಆ ಮಾತು ಸರಿಯೆಂದೇ ಆಲ್ಫನಿಗೆ ಅನ್ನಿಸಿತು. ಒಂದು ವಾರ ಅವನು ಬಾಯಿ ಮುಚ್ಚಿಕೊಂಡೇ ಇದ್ದ.

ಊರು ಬಾಯಿ ಮುಚ್ಚಿಕೊಳ್ಳಲಿಲ್ಲ. ಬದುಕಿ ಬಂದವರು ಒಂಬತ್ತು ಜನ, ಒಂಬತ್ತು ಮನೆ, ಒಂಬತ್ತು ಅಡುಗೆಮನೆ. ಲೆಸ್ ಬಾಗಿಲು ಹಾಕಲಿಲ್ಲವಂತೆ, ಪರೀಕ್ಷೆ ಮಾಡದೆ ಸಹಿ ಹಾಕಿದನಂತೆ. ಬಾಯ್ಲರ್ ಕೋಣೆಯಲ್ಲಿ ಸತ್ತ ಹನ್ನೊಂದು ಜನರಲ್ಲಿ ನಾಲ್ವರು ಅದೇ ಎರಡು ಬೀದಿಯವರು. ಮಾಂಸದಂಗಡಿಯ ಸಾಲಿನಲ್ಲಿ ಈನಿಡ್‌ಳ ಮುಂದೊಂದು, ಹಿಂದೊಂದು ಮೊಳ ಜಾಗ ಖಾಲಿ ಇರತೊಡಗಿತು. ಚರ್ಚಿನ ಸಭಾಂಗಣದಲ್ಲಿ ಹೆಂಗಸರೆಲ್ಲ ಸೇರಿ ಫಿರಂಗಿಗಳನ್ನು ಮರೆಮಾಡುವ ಬಲೆ ಹೆಣೆಯುತ್ತಿದ್ದರು. ಈನಿಡ್ ಹೋಗಿ ತನ್ನ ಎಂದಿನ ಜಾಗದಲ್ಲಿ ಕೂತಾಗ, ಪಕ್ಕದ ಮಿಸೆಸ್ ಕ್ಯೂಲಿ ಎದ್ದು ತನ್ನ ಸ್ಟೂಲನ್ನು ಬಲೆಯ ಆಚೆ ತುದಿಗೆ ಎತ್ತಿಕೊಂಡು ಹೋದಳು. ಅವಳ ಮಗ ಐವರ್ ಆ ಬಾಯ್ಲರ್ ಕೋಣೆಯಲ್ಲೇ ಸತ್ತಿದ್ದ.

"ಅವರು ಬಲೆ ಮಧ್ಯದಲ್ಲಿ ತೂತು ಬಿಟ್ಟಿದಾರೆ," ಅವತ್ತು ಮನೆಗೆ ಬಂದು ಈನಿಡ್ ಹೇಳಿದಳು. "ನಾನು ಹೆಣೆದಿದ್ದರ ಪಕ್ಕಕ್ಕೆ ಯಾರೂ ಸೇರಿಸ್ತಿಲ್ಲ." ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ ಕೇಳಿದಳು: "ಅಪ್ಪ, ಅವನು ಹಂಗೆ ಮಾಡೋನಾ? ನೀನು ಹೇಳು. ನಿನಗೆ ಹಡಗಿನ ಕೆಲಸ ಗೊತ್ತು. ನೀನು ಹೇಳಿದ್ರೆ ನಂಬ್ತೀನಿ."

ಮರುದಿನ ಮಧ್ಯಾಹ್ನ ಆಲ್ಫ್ ಟೋಪಿ ಹಾಕಿಕೊಂಡು ಸಭಾಂಗಣಕ್ಕೆ ಹೋದ.

ಇಪ್ಪತ್ತು ಹೆಂಗಸರು ಕೂತಿದ್ದರು, ಮಧ್ಯದಲ್ಲಿ ಒಬ್ಬಳೇ ಈನಿಡ್. ಉದ್ದಕ್ಕೂ ತೂಗುಹಾಕಿದ ಬಲೆ, ಎಲ್ಲರ ಕೈಯಲ್ಲೂ ಹಗ್ಗ ತುಂಬಿದ ಮರದ ಸೂಜಿ. ಗಂಡಸು ಒಳಗೆ ಬಂದದ್ದು ನೋಡಿ ಒಬ್ಬಳು, "ಬನ್ನಿ ಟ್ರಾಂಟರ್, ನಿಮಗೂ ಒಂದು ಸೂಜಿ ಕೊಡ್ತೀವಿ" ಎಂದು ನಕ್ಕಳು. ಅವನು ಟೋಪಿ ತೆಗೆದ. ನಗು ನಿಂತಿತು.

"ಆ ಬಾಗಿಲನ್ನ ಲೆಸ್ ಕೈಲಲ್ಲ, ಯಾರ ಕೈಲೂ ಇಳಿಸೋಕಾಗ್ತಿರಲಿಲ್ಲ," ಆಲ್ಫ್ ಹೇಳಿದ. "ಮುಳುಗಿದ ಹಡಗು ಹಳೇ ಬುಲ್ಗಾ. ನಾನು ಅದರಲ್ಲಿದ್ದೆ. ಡಿನ್ನಿ ಕಾಲು ಹೋದ್ಮೇಲೆ ಬಾಗಿಲು ಬೀಳದೇ ಇರೋ ಹಾಗೆ ಎರಡು ರಿವೆಟ್ ಹೊಡೆದೆ. ನಾನೇ ಹೊಡೆದೆ. ಸುತ್ತಿಗೆಯಲ್ಲಿ ಬಡಿದ್ರೆ ಬರೋ ಅಂಥದ್ದಲ್ಲ."

ಸೂಜಿಗಳು ನಿಂತವು. ಮಿಸೆಸ್ ಕ್ಯೂಲಿಯ ಕೈ ಮಾತ್ರ ಆಡುತ್ತಲೇ ಇತ್ತು. ಒಂದು ಗಂಟು ಹಾಕಿದಳು, ಎಳೆದಳು, ಮುಂದಿನ ಗಂಟಿಗೆ ಹೋದಳು.

"ಯಾವಾಗ ಹೊಡೆದಿದ್ದು?" ಅವಳು ತಲೆಯೆತ್ತದೆ ಕೇಳಿದಳು.

"ಹತ್ತೊಂಬತ್ತು ವರ್ಷದ ಹಿಂದೆ."

"ಆಗ ಐವರ್‌ಗೆ ನಾಲ್ಕು," ಮಿಸೆಸ್ ಕ್ಯೂಲಿ ಹೇಳಿದಳು. "ಆ ವರ್ಷ ಅವನಿಗೆ ನಾಯಿಕೆಮ್ಮು ಬಂದಿತ್ತು. ರಾತ್ರಿಯೆಲ್ಲ ಎತ್ಕೊಂಡು ಓಡಾಡಿದ್ದೆ."

ಅವಳು ಎದ್ದಳು. ತನ್ನ ಮೇಲೆ ಬರುತ್ತಾಳೆ ಎಂದುಕೊಂಡು ಆಲ್ಫ್ ಟೋಪಿಯನ್ನು ಬಿಗಿಯಾಗಿ ಹಿಡಿದ. ಅವಳು ಅವನ ಕಡೆ ನೋಡಲೂ ಇಲ್ಲ. ಸ್ಟೂಲನ್ನು ಎತ್ತಿಕೊಂಡು ಬಲೆಯ ಉದ್ದಕ್ಕೂ ನಡೆದು ಬಂದು ಈನಿಡ್‌ಳ ಪಕ್ಕದಲ್ಲಿಟ್ಟು ಕೂತಳು. ಈನಿಡ್ ಹೆಣೆದು ನಿಲ್ಲಿಸಿದ್ದ ಕಡೆಯಿಂದ ಹಗ್ಗ ಸೇರಿಸಿದಳು. ಆಗ ಈನಿಡ್ ಅತ್ತಳು, ಬಾಯಿ ತೆರೆದು, ಸಣ್ಣ ಮಕ್ಕಳ ಹಾಗೆ. ಮಿಸೆಸ್ ಕ್ಯೂಲಿ ಅವಳ ಬೆನ್ನ ಮೇಲೆ ಒಂದು ಕೈ ಇಟ್ಟಳು. ಆಲ್ಫ್ ಎಷ್ಟು ಹೊತ್ತು ನಿಂತಿದ್ದನೋ, ಅವನಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಅವನೇ ಹೊರಟ.

ಬೆಳಕು ಇಳಿಯುವ ಹೊತ್ತಿಗೆ ಈನಿಡ್ ಮನೆಗೆ ಬಂದಳು. ಮುಖ ತೊಳೆದುಕೊಂಡು ಆಲೂಗಡ್ಡೆ ಬೇಯಿಸಿ, ಕುರಿಮಾಂಸದ ಎರಡು ತುಂಡು ಹುರಿದು ತಟ್ಟೆಗೆ ಹಾಕಿದಳು. ಇಬ್ಬರೂ ತಿಂದರು. ತಟ್ಟೆ ತೊಳೆದು ಕೈ ಒರೆಸಿಕೊಂಡು ಅವಳು ಅವನ ಕೋಣೆಯ ಹೊಸ್ತಿಲಿಗೆ ಬಂದು ನಿಂತಳು. ಅವನು ಮಂಚದ ಅಂಚಿನಲ್ಲಿ ಕೂತು ಬೂಟು ಬಿಚ್ಚುತ್ತಿದ್ದ.

"ಒಂದು ಕೇಳ್ತೀನಿ," ಅವಳು ಹೇಳಿದಳು. "ಲೆಸ್‌ನ ಬಂದರಿಗೆ ಬಿಟ್ಟು ಬಂದೋನು ನೀನೇ. ಅವತ್ತು ಆ ಹಡಗು ಯಾವುದು ಅಂತ ನಿನಗೆ ಗೊತ್ತಾಗಿತ್ತಾ?"

ಆಲ್ಫನಿಗೆ ಆ ಬೆಳಿಗ್ಗೆ ಚೆನ್ನಾಗಿ ನೆನಪಿತ್ತು. ಬೂದುಬಣ್ಣದ ಕೆಳಗೆ, ಹಡಗಿನ ಮೂತಿಯ ತಗಡಿನಲ್ಲಿ, ಉಳಿಯಿಂದ ಕೊರೆದ ಬುಲ್ಗಾ ಎಂಬ ಹಳೆಯ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳು ಕಂಡಿದ್ದವು. ಹಳೆಯ ಗೆಳತಿ ಸಿಕ್ಕಂತೆ ಅವನಿಗೆ ಖುಷಿಯಾಗಿತ್ತು. ಲೆಸ್‌ನ ಬೆನ್ನು ತಟ್ಟಿ, "ಗಟ್ಟಿ ಹಡಗು, ನಾನೇ ಕಟ್ಟಿದ್ದು" ಎಂದಿದ್ದ.

"ಗೊತ್ತಾಗಿತ್ತು," ಎಂದ.

"ಬಾಗಿಲು ನೆನಪಾಯ್ತಾ?"

"ಆಯ್ತು."

"ಮತ್ತೆ?"

"ಇಷ್ಟು ವರ್ಷದಲ್ಲಿ ಯಾರಾದ್ರೂ ಕಿತ್ತಿರ್ತಾರೆ ಅಂದ್ಕೊಂಡೆ."

"ಕೇಳಿದ್ಯಾ? ಒಂದು ಮಾತು ಅವನಿಗೆ ಹೇಳಿದ್ಯಾ, ಹೋಗಿ ನೋಡು ಅಂತ?"

"ಇಲ್ಲ."

ಈನಿಡ್ ತಲೆಯಾಡಿಸಿದಳು, ಅಂಗಡಿಯಲ್ಲಿ ಬೇಕಾದ್ದು ಇಲ್ಲ ಎಂದಾಗ ಆಡಿಸುವ ಹಾಗೆ. ಅಡುಗೆಮನೆಗೆ ಹೋದಳು. ಇಟ್ಟಿಗೆ ನೆಲದ ಮೇಲೆ ಉಜ್ಜಿದ ಸದ್ದು, ಆಮೇಲೆ ಅಲ್ಲಿಯ ಬಾಗಿಲು ಮುಚ್ಚಿದ ಸದ್ದು ಆಲ್ಫನಿಗೆ ಕೇಳಿಸಿತು. ಹಜಾರದ ಬಾಗಿಲು ವರ್ಷಗಟ್ಟಲೆ ತೆರೆದೇ ಇದ್ದು ಉಬ್ಬಿಹೋಗಿತ್ತು. ಅದಕ್ಕೆ ಅವಳು ಭುಜ ಕೊಟ್ಟು ನೂಕಿದಳು. ಆಮೇಲೆ ಅವಳ ಕೋಣೆಯದು, ಲೆಸ್‌ನ ಅಂಗಿಗಳಿದ್ದ ಕೋಣೆಯದು. ಕೊನೆಗೆ ಮತ್ತೆ ಅವನ ಹೊಸ್ತಿಲಿಗೆ ಬಂದು, ಬಗ್ಗಿ, ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವನು ಒಂದು ಬೂಟು ಕೈಯಲ್ಲಿ ಹಿಡಿದು ಕೂತೇ ಇದ್ದ. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಹೊರಗಿನಿಂದ ಅವಳು ಅದನ್ನು ಒಮ್ಮೆ ಎಳೆದು ನೋಡಿದಳು, ಇನ್ನೊಮ್ಮೆ ಎಳೆದು ನೋಡಿದಳು.

ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಎರಡು ಪಾದಗಳ ನೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.