ತೊಗಲಂಗಿಯ ಅಳತೆ

ರಾಯಚೂರು ಸೀಮೆಯಲ್ಲಿ ಚಳಿ ಎಂಬುದು ಸಂಕ್ರಾಂತಿಯ ಆಚೀಚೆ ಹದಿನೈದು ದಿನ ಬಂದು ಮುಖ ತೋರಿಸಿ ಹೋಗುವ ನೆಂಟ. ಅಷ್ಟಕ್ಕೆಂದು ಯಾರೂ ತೊಗಲಿನ ಅಂಗಿ ಹೊಲಿಸುವುದಿಲ್ಲ. ಆದರೆ ೧೯೭೯ರಲ್ಲಿ ಮಾನ್ವಿಯ ಹನುಮಂತ್ರಾಯನಿಗೆ ಚಳಿಯ ಹಂಗಿರಲಿಲ್ಲ. ಕಾಲುವೆ ನೀರಿನ ಭತ್ತ ಮನೆಗೆ ಮೋಟಾರ್ ಸೈಕಲ್ ತಂದಿತ್ತು. ರಾಯಚೂರಿನ ಟಾಕೀಜಿನಲ್ಲಿ ಕಂಡ ಸಿನಿಮಾದ ಹೀರೊ ತನ್ನ ಗಾಡಿ ಹತ್ತಿದಾಗ ಅವನ ಮೈಮೇಲೆ ಕರಿ ತೊಗಲಿನ ಜಾಕೀಟಿತ್ತು. ಒಂದು ಬಂದ ಮೇಲೆ ಇನ್ನೊಂದು ಬರಲೇಬೇಕಲ್ಲ.

ಮಾನ್ವಿಯ ದರ್ಜಿ ಮಷೀನಿನ ಸೂಜಿ ಮುರಿಯುತ್ತದೆಂದು ಕೈಮುಗಿದ. ಹನುಮಂತ್ರಾಯ ರಾಯಚೂರಿನಲ್ಲಿ ಮೆತ್ತನೆಯ ಆಡಿನ ತೊಗಲು ಕೊಂಡು, ಸಿನಿಮಾ ಪತ್ರಿಕೆಯಿಂದ ಆ ಜಾಕೀಟಿನ ಚಿತ್ರವಿದ್ದ ಹಾಳೆಯೊಂದನ್ನು ಹರಿದುಕೊಂಡು, ದೇವದುರ್ಗದ ಬಸ್‌ಸ್ಟ್ಯಾಂಡಿನೆದುರು ಬೇವಿನ ಮರದಡಿ ಕೂರುವ ಮೂಕಪ್ಪನ ಮುಂದೆ ಗಾಡಿ ನಿಲ್ಲಿಸಿದ.

ಮೂಕಪ್ಪನ ಹೊಲಿಗೆಗೆ ಹೆಸರಿತ್ತು. ಬಾವಿಯಿಂದ ಎತ್ತುಗಳು ನೀರೆಳೆಯುವ ತೊಗಲ ಚೀಲ ಹೊಲಿದವನು ಅವನು. ಪಂಪ್‌ಸೆಟ್ಟು ಬಂದ ಮೇಲೆ ಬರೀ ಚಪ್ಪಲಿ. ನಲವತ್ತು ವರ್ಷ ಹೊಲಿದದ್ದೆಲ್ಲ ಬಾವಿಗಿಳಿಯಿತು, ಇಲ್ಲವೇ ಕಾಲಡಿ ಹೋಯಿತು. ಮನುಷ್ಯನ ಭುಜದ ಮೇಲೆ ಕೂರುವಂಥದ್ದನ್ನು ಒಂದಾದರೂ ಹೊಲಿಯಬೇಕೆಂಬ ಆಸೆ ಆ ಹಾಳೆ ನೋಡಿದ ಗಳಿಗೆಯಲ್ಲೇ ಹುಟ್ಟಿತು. ಆಗುತ್ತದೆ ಎಂದುಬಿಟ್ಟ. ಸಂಜೆ ಹೆಂಡತಿ ಸೂಗಮ್ಮನಿಗೆ ಹೇಳಿದ; ಅವಳ ಮೂಲಕ ಕೇರಿಗೆಲ್ಲ ಗೊತ್ತಾಯಿತು.

ಉಳಿದದ್ದು ಅಳತೆ. ಚಪ್ಪಲಿಯಾದರೆ ಗಿರಾಕಿ ತೊಗಲಿನ ಮೇಲೆ ಕಾಲಿಡುತ್ತಾನೆ, ಸುತ್ತ ಗೆರೆ ಎಳೆದರಾಯಿತು. ಮೂಕಪ್ಪ ಪಾದ ಮುಟ್ಟಿದ್ದಕ್ಕೆ ಊರಲ್ಲಿ ಯಾರದೂ ತಕರಾರಿರಲಿಲ್ಲ. ಮೊಣಕಾಲಿನ ಮೇಲಿನದು ಬೇರೆ ಇಲಾಖೆ. ಅಸ್ಪೃಶ್ಯತೆ ಅಪರಾಧವೆಂಬ ಬೋರ್ಡು ತಾಲೂಕು ಕಚೇರಿಯಲ್ಲಿತ್ತು; ಬಸ್‌ಸ್ಟ್ಯಾಂಡಿನವರೆಗೆ ಇನ್ನೂ ನಡೆದು ಬಂದಿರಲಿಲ್ಲ. ಮೂಕಪ್ಪ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ಮರುದಿನ ತೊಗಲುಗಳನ್ನು ಜೋಡಿಸಿ ನೆಲಕ್ಕೆ ಹಾಸಿ, ಮಲಗಿಕೊಳ್ಳಲು ಹೇಳಿದ. ಹನುಮಂತ್ರಾಯ ಕೈಚಾಚಿ ಅಂಗಾತ ಮಲಗಿದ. ಮೂಕಪ್ಪ ಬೆರಳು ತಾಗಿಸದೆ ಸುತ್ತ ಸುಣ್ಣದ ಗೆರೆ ಎಳೆದ. ಎದುರಿನ ಹೋಟೆಲಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವರಿಗೆ ಪೊಲೀಸರ ಪಂಚನಾಮೆ ನಡೆದಂತೆ ಕಂಡಿತು.

ಎಂಟು ದಿನಕ್ಕೆ ಜಾಕೀಟು ಸಿದ್ಧವಾಯಿತು. ಎಳೆದರೆ ಹಗ್ಗ ಹರಿಯಬೇಕು, ಹೊಲಿಗೆ ಬಿಡಬಾರದು, ಅಂಥ ಕೆಲಸ. ಹಾಕಿ ನೋಡಿದರೆ ತೋಳು ಮೊಣಕೈಗೆ ಸಿಕ್ಕಿಬಿತ್ತು, ಎದೆ ಮುಚ್ಚಲು ಒಂದು ಗೇಣು ಕಡಿಮೆ. ಕಟ್ಟೆ ನಕ್ಕಿತು. ದೇವದುರ್ಗದಲ್ಲೇ ಮನೆ ಮಾಡಿದ್ದ ಹನುಮಂತ್ರಾಯನ ಕಾಕಾ ಮುದುಕಪ್ಪ, ದಿನದ ಅರ್ಧ ಆ ಕಟ್ಟೆಯ ಮೇಲೇ ಕಳೆಯುವವನು, ಚಹಾದ ಕಪ್ಪು ಕೆಳಗಿಟ್ಟು ಹೇಳಿದ:

"ಮನಷ್ಯಾಗೂ ಚಪ್ಪಲಿನೇ ಹೊಲ್ದಾನ ನೋಡ್ರಿ."

ಸೋಮವಾರದೊಳಗೆ ಸರಿಹೋಗದಿದ್ದರೆ ಹೈದರಾಬಾದಿಗೆ ಒಯ್ಯುವುದಾಗಿ ಹೇಳಿ ಹನುಮಂತ್ರಾಯ ಗಾಡಿ ಹತ್ತಿದ. ಆ ನಗೆ ಸಂಜೆಯೊಳಗೆ ಕೇರಿಗೂ ಮುಟ್ಟಿತು.

ಮೂಕಪ್ಪ ಜಾಕೀಟನ್ನು ಸುತ್ತಿಕೊಂಡು, ಬುರ್ಖಾ ಜಂಪರು ಹೊಲಿಯುವ ಸುಗ್ರಾ ಬೇಗಂ ಮನೆಯ ಬಾಗಿಲಿಗೆ ಹೋದ. ಆಕೆ ತಿರುವಿ ಮುರುವಿ ನೋಡಿದಳು.

"ಮನಷ್ಯಾ ಏನು ರೊಟ್ಟಿ ಹಂಗ ಚಪ್ಪಟಿ ಇರ್ತಾನೇನೋ ಮೂಕಪ್ಪ? ಸುತ್ತ ಅಳೀಬೇಕು."

"ಸುತ್ತ ಅಳೀಬೇಕಂದ್ರ ಮೈ ಮುಟ್ಟಬೇಕಲ್ರೀ ಬೇಗಂ."

"ಮತ್ತ? ದೂರ ನಿಂತು ನೋಡಿದ್ರ ಅಳತಿ ಆಗ್ತದೇನು?"

ಟೇಪನ್ನು ಅವನ ಕೈಗೆ ಕೊಟ್ಟು, ಕಂಕುಳಿಂದ ಸೊಂಟದವರೆಗೆ ಎರಡೂ ಬದಿಗೆ, ತೋಳಿನೊಳಗೂ, ಪಟ್ಟಿ ಕೊಡಬೇಕೆಂದು ತೋರಿಸಿದಳು. ಉಳಿದ ತೊಗಲು ಅಷ್ಟಕ್ಕೆ ಮಾತ್ರ ಸಾಲುತ್ತಿತ್ತು. ತಪ್ಪಿದರೆ ಇನ್ನೊಮ್ಮೆ ಕತ್ತರಿಸಲು ಏನೂ ಇರಲಿಲ್ಲ.

ಸೋಮವಾರ ಹನುಮಂತ್ರಾಯ ಬಂದ. ಮೂಕಪ್ಪ ಎದ್ದು ನಿಂತ. ಗಿರಾಕಿಯ ಮುಂದೆ ಕೆಲಸಕ್ಕೆಂದು ಅವನು ಎದ್ದು ನಿಂತದ್ದು ಅದೇ ಮೊದಲು.

"ಸುತ್ತಳತಿ ತಗೋಬೇಕ್ರಿ ಧಣಿ. ಕೈ ಎತ್ರಿ."

ಹನುಮಂತ್ರಾಯ ಕಟ್ಟೆಯ ಕಡೆ ನೋಡಿದ. ಮುದುಕಪ್ಪ ಇತ್ತಲೇ ನೋಡುತ್ತಿದ್ದ. ಕೈ ಏಳಲಿಲ್ಲ. ಟೇಪು ಇಸಿದುಕೊಂಡು ತಾನೇ ಸುತ್ತಿಕೊಂಡ. ಬೆನ್ನ ಹಿಂದೆ ಅದು ಜಾರಿತು. ಮೊದಲು ಮೂವತ್ತೊಂದು ಬಂತು, ಆಮೇಲೆ ನಲವತ್ತನಾಲ್ಕು.

"ಯಾವುದಕ್ಕ ಹೊಲೀಲ್ರೀ?" ಎಂದು ಮೂಕಪ್ಪ ಕೇಳಿದ. ದನಿಯಲ್ಲಿ ವಿನಯಕ್ಕೇನೂ ಕೊರತೆಯಿರಲಿಲ್ಲ.

ಹನುಮಂತ್ರಾಯ ಇನ್ನೊಂದು ಸಲ ಸುತ್ತಿಕೊಂಡ; ಇನ್ನೊಂದು ಸಲ ಜಾರಿತು. ಮರದಡಿ ಬಿದ್ದಿದ್ದ ಜಾಕೀಟನ್ನು ನೋಡಿದ. ಆಮೇಲೆ ಟೇಪನ್ನು ಮೂಕಪ್ಪನ ಕೈಗಿಟ್ಟು ಎರಡೂ ಕೈ ಮೇಲೆತ್ತಿದ.

ಟೇಪನ್ನು ಬೆನ್ನ ಹಿಂದಿನಿಂದ ತರಬೇಕಾದರೆ ಎರಡು ತೋಳಲ್ಲಿ ಬಳಸಲೇಬೇಕು. ಮೂಕಪ್ಪ ಬಳಸಿದ. ಓದಲು ಬಾರದವನಾದ್ದರಿಂದ ಟೇಪು ಕೂಡಿದಲ್ಲಿ ಹೆಬ್ಬೆರಳು ಒತ್ತಿ ಹಿಡಿದು, ಅಷ್ಟುದ್ದಕ್ಕೆ ಹೊಲಿಯುವ ದಾರಕ್ಕೆ ಗಂಟು ಹಾಕಿದ. ಚಪ್ಪಲಿಯ ಪಟ್ಟಿಗೂ ಹಾಗೇ ಮಾಡುತ್ತಿದ್ದ.

"ಹನುಮಂತಾ, ಕೈ ಇಳಸಲೇ," ಎಂದು ಕಟ್ಟೆಯಿಂದ ಮುದುಕಪ್ಪನ ದನಿ ಬಂತು.

ಹನುಮಂತ್ರಾಯನ ಕಿವಿ ಕೆಂಪಾಗಿತ್ತು. ಕೈ ಮಾತ್ರ ಮೇಲೇ ಇತ್ತು.

"ತಡಿ ಕಾಕಾ, ಇನ್ನ ತೋಳಿಂದು ಅದ."

ಮೂಕಪ್ಪ ಬದಿಗೆ ಸರಿದು ಟೇಪನ್ನು ಅವನ ತೋಳಿಗೆ ಸುತ್ತಿದ.