ಬ್ರೇಕಿನಲ್ಲಿ ಬರುತ್ತಿದ್ದ ಫೋನು

ಒಂದು ಜಡೆ ಮುಗಿದು ಇನ್ನೊಂದು ಅರ್ಧವಾಗಿತ್ತು. ಅಷ್ಟರಲ್ಲಿ ಫೋನು ಬಂತು. "ಸರ್ಕಾರ ಬೀಳೋ ಹಾಗಿದೆ ಮೇಡಂ, ಬೇಗ ಬನ್ನಿ."

"ಉಳಿದಿದ್ದು ಅಜ್ಜಿ ಹತ್ರ ಹಾಕಿಸ್ಕೊ ಪುಟ್ಟಾ," ಎಂದು ಭಾರ್ಗವಿ ಎದ್ದರು. ಮಗಳು ತನ್ಮಯಿಯ ಕೆಂಪು ರಬ್ಬರ್ ಬ್ಯಾಂಡು ಅವರ ಮಣಿಕಟ್ಟಿನಲ್ಲೇ ಉಳಿಯಿತು.

ಕುರ್ಚಿಯ ಮೇಲಿದ್ದ ಸೀರೆಯಿಂದ ನಾನು ಇದನ್ನೆಲ್ಲ ನೋಡಿದೆ. ನಾನು ಒಂದು ಕಾಲರ್ ಮೈಕು. ಹಿಂದಿನ ದಿನ ಟಿವಿ ಚರ್ಚೆ ಮುಗಿಸಿದ ಭಾರ್ಗವಿ ನನ್ನನ್ನು ಕಳಚುವುದು ಮರೆತು, ಸೆರಗಿನಲ್ಲೇ ಮನೆಗೆ ತಂದಿದ್ದರು.

ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದ ನಾನು, ಬೆಂಗಳೂರಿನ ಸುದ್ದಿವಾಹಿನಿಯೊಂದಕ್ಕೆ ಬಂದು, ಮೊದಲು ಹವಾಮಾನ ಹೇಳುವವರ ಕೋಟಿನ ಮೇಲಿದ್ದೆ. ವಿಧಾನಸೌಧದ ಮುಂದೆ ಬಿಸಿಲಲ್ಲಿ ನಿಂತು ವರದಿ ಮಾಡುತ್ತಿದ್ದ ಭಾರ್ಗವಿ ನಿರೂಪಕಿಯಾದಾಗ ಅವರ ಪಾಲಿಗೆ ಬಂದೆ. "ಹೌದೋ ಅಲ್ಲವೋ, ಅಷ್ಟು ಹೇಳಿ ಸಚಿವರೇ!" ಎಂದು ಅವರು ಕೇಳಿದರೆ ಎದುರಿನವರು ನೀರಿನ ಲೋಟಕ್ಕೆ ಕೈ ಹಾಕುತ್ತಿದ್ದರು.

ಜಾಹೀರಾತು ಶುರುವಾದೊಡನೆ ಅವರು ಮನೆಗೆ ಫೋನು ಮಾಡುತ್ತಿದ್ದರು.

"ಊಟ ಆಯ್ತಾ ಕಂದಾ?"

"ಆಯ್ತು. ಅಮ್ಮಾ, ಒಂದು ಕೇಳ್ಲಾ?"

"ಮೇಡಂ, ಬ್ರೇಕ್ ಮುಗೀತು!"

"ಆಮೇಲೆ ಪುಟ್ಟಾ."

ಆ 'ಆಮೇಲೆ' ಬರಲೇ ಇಲ್ಲ. ಮಗು ಏನು ಕೇಳಬೇಕೆಂದಿತ್ತೋ ನನಗೂ ತಿಳಿಯಲಿಲ್ಲ. ಆದರೆ ಕ್ಯಾಮೆರಾಗೆ ಕಾಣದ್ದು ನನಗೆ ಕಾಣುತ್ತಿತ್ತು: ಮೇಜಿನ ಕೆಳಗೆ ಭಾರ್ಗವಿಯ ಬೆರಳು ಆ ಕೆಂಪು ರಬ್ಬರನ್ನು ಎಳೆಯುತ್ತಲೇ ಇರುತ್ತಿತ್ತು. ಕಾರ್ಯಕ್ರಮ ಮುಗಿದರೆ ದೀಪ ಆರುತ್ತಿತ್ತು, ಅತಿಥಿಗಳು ನಗುತ್ತ ಹೋಗುತ್ತಿದ್ದರು. ಭಾರ್ಗವಿ ಒಬ್ಬರೇ ಕೂತಿರುತ್ತಿದ್ದರು. ನಾನು ಡಬ್ಬಿ ಸೇರುತ್ತಿದ್ದೆ. ಊರೆಲ್ಲ ನನ್ನೆದುರು ಮಾತಾಡಿತು. ನನ್ನೊಡನೆ ಯಾರೂ ಮಾತಾಡಲಿಲ್ಲ.

ವರ್ಷ ಕಳೆದಂತೆ ನನ್ನ ವೈರು ಸವೆಯಿತು, ದನಿ ಗೊರಗೊರ ಎಂದಿತು. ಹೊಸ ಮೈಕುಗಳು ಬಂದವು. "ಮಗೂಗೆ ಆಟಕ್ಕೆ ಕೊಡಿ ಮೇಡಂ," ಎಂದು ಸೌಂಡಿನ ಅನ್ವರ್ ನನ್ನನ್ನು ಅವರ ಕೈಗಿಟ್ಟ.

ಈಗ ತನ್ಮಯಿಯ ಪೆನ್ಸಿಲ್ ಡಬ್ಬಿಯೇ ನನ್ನ ಮನೆ. ಇಂದು ಬೆಳಿಗ್ಗೆ ಮತ್ತೆ ಜಡೆ ಅರ್ಧವಾಗಿದ್ದಾಗ ಫೋನು ಬಡಿದುಕೊಂಡಿತು. ಭಾರ್ಗವಿಯ ಕೈ ಅತ್ತ ಚಾಚಿತು. ತನ್ಮಯಿ ಗಬಕ್ಕನೆ ನನ್ನನ್ನು ತೆಗೆದು ಅಮ್ಮನ ಸೆರಗಿಗೆ ಸಿಕ್ಕಿಸಿದಳು.

"ಈಗ ಲೈವು. ಲೈವಲ್ಲಿ ಫೋನ್ ತೆಗೀಬಾರ್ದು, ನೀನೇ ಹೇಳಿದ್ದು."

ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಸತ್ತ ಮೈಕು ನಾನು. ಆದರೂ ಉಸಿರು ಬಿಗಿಹಿಡಿದೆ.

"ಹೌದೋ ಅಲ್ವೋ, ಅಷ್ಟು ಹೇಳಮ್ಮಾ," ಎಂದಳು ತನ್ಮಯಿ. "ಬ್ರೇಕ್ ಇಲ್ದಾಗ್ಲೂ ನಾನು ನಿಂಗೆ ನೆನಪಾಗ್ತೀನಾ?"